ಏಜೆಂಟ್ ಆಧಾರಿತ ಸಿಮ್ಯುಲೇಷನ್: ಸೆಗ್ರಿಗೇಶನ್ ಮಾಡೆಲ್ ಓಡಿಸಿಯಾಯಿತು, ಮುಂದೇನು?

ವಠಾರ
ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ. ವಿಷಯ: ನಗರದ ಬಾಡಿಗೆ ಮನೆಗಳು ಮತ್ತು ಜಾತಿವಾರು ವಾಸ. ಅಂಕಿಅಂಶದ ತಂತ್ರಾಂಶಗಳಲ್ಲಿ ಎಸ್‌ಪಿಎಸ್‌ಎಸ್ ಗೊತ್ತು, ಆರ್ ಅಲ್ಪಸ್ವಲ್ಪ ಬರುತ್ತದೆ, ಪ್ರೋಗ್ರಾಮಿಂಗ್ ಬರುವುದಿಲ್ಲ. ನೆಟ್‌ಲೋಗೋ ಎಂಬುದು ಏಜೆಂಟ್‌ಗಳನ್ನು, ಅಂದರೆ ಕೊಟ್ಟ ನಿಯಮದಂತೆ ನಡೆಯುವ ಕಾಲ್ಪನಿಕ ವ್ಯಕ್ತಿಗಳನ್ನು, ಓಡಿಸುವ ತಂತ್ರಾಂಶ. ಅದರ ಮಾಡೆಲ್ಸ್ ಲೈಬ್ರರಿಯಲ್ಲಿರುವ ಸೆಗ್ರಿಗೇಶನ್ ಮಾಡೆಲ್ (ನೆರೆ ಹಿಡಿಸದವರು ಮನೆ ಬದಲಿಸುತ್ತಾ ಹೋಗುವ ಷೆಲಿಂಗ್ ಮಾಡೆಲ್) ಓಡಿಸಿ ನೋಡಿದೆ. "ನನ್ನಂಥವರು ನೆರೆಯಲ್ಲಿ ಶೇ. 30 ಇದ್ದರೆ ಸಾಕು" ಎಂದಿಟ್ಟರೂ ಕೊನೆಗೆ ಶೇ. 70ರ ಆಸುಪಾಸು ಬಂದು ನಿಲ್ಲುತ್ತದೆ. ಇದರ ಮುಂದಿನ ಹೆಜ್ಜೆ ತಿಳಿಯುತ್ತಿಲ್ಲ. ಪೈಥಾನ್ ಕಲಿತು, ಅದರಲ್ಲಿ ಇಂಥ ಮಾಡೆಲ್ ಬರೆಯಲು ಇರುವ ಮೆಸಾ ಪ್ಯಾಕೇಜ್‌ಗೆ ಹೋಗಬೇಕೇ? ವಾರ್ಡ್‌ವಾರು ಜನಗಣತಿ ಅಂಕಿಗಳನ್ನು ಇದರೊಳಗೆ ಹಾಕಬಹುದೇ?

ಶೂನ್ಯಬೀಜ
ಸದ್ಯಕ್ಕೆ ಎರಡೂ ಬೇಡ. ಲೈಬ್ರರಿ ಮಾಡೆಲ್ ಓಡಿಸುವುದು ಬೇರೆ, ಖಾಲಿ ಹಾಳೆಯಿಂದ ಒಂದನ್ನು ಬರೆದು "ಇದು ಸರಿಯಿದೆ" ಎಂದು ತೋರಿಸುವುದು ಬೇರೆ. ಎರಡನೆಯದನ್ನು ಕಲಿಯಲು ಷೆಲಿಂಗ್ ಮಾಡೆಲ್‌ಗಿಂತ ಚಿಕ್ಕದು ಬೇಕು. ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಹೊಸ್ತಿಲು ಮಾಡೆಲ್ ತೆಗೆದುಕೊಳ್ಳಿ. ಇಪ್ಪತ್ತು ಸಾಲಿನೊಳಗೆ ಮುಗಿಯುತ್ತದೆ.

ನೂರು ಜನರ ಗುಂಪು. ಪ್ರತಿಯೊಬ್ಬರಿಗೂ ಒಂದು ಹೊಸ್ತಿಲು: ಎಷ್ಟು ಜನ ಗಲಾಟೆಗೆ ಇಳಿದ ಮೇಲೆ ತಾನೂ ಇಳಿಯುತ್ತೇನೆ ಎಂಬ ಸಂಖ್ಯೆ. ಹೊಸ್ತಿಲುಗಳು 0, 1, 2 ಹೀಗೆ 99ರವರೆಗೆ ಒಬ್ಬೊಬ್ಬರಿಗೆ ಒಂದೊಂದು ಇದ್ದರೆ ಸರಪಳಿ ಹಿಡಿದಂತೆ ನೂರೂ ಜನ ಇಳಿಯುತ್ತಾರೆ. ಹೊಸ್ತಿಲು 1 ಇದ್ದವರಿಗೆ 2 ಕೊಟ್ಟು ನೋಡಿ. ಒಬ್ಬರೇ ಇಳಿದು ನಿಂತುಬಿಡುತ್ತದೆ. ಎರಡು ಗುಂಪುಗಳ ಸರಾಸರಿ ಹೊಸ್ತಿಲು 49.50 ಮತ್ತು 49.51. ಸರ್ವೆ ಮಾಡಿ ಸರಾಸರಿ ತೆಗೆದವರಿಗೆ ಎರಡೂ ಒಂದೇ ಗುಂಪು.

ನೆಟ್‌ಲೋಗೋದಲ್ಲಿ ಏಜೆಂಟ್‌ಗೆ ಟರ್ಟಲ್ ಎಂದೂ ಸಮಯದ ಒಂದು ಹೆಜ್ಜೆಗೆ ಟಿಕ್ ಎಂದೂ ಹೆಸರು; ಸೆಟಪ್ ಆರಂಭದ ಸ್ಥಿತಿ ಕಟ್ಟುತ್ತದೆ, ಗೋ ಒಂದೊಂದು ಹೆಜ್ಜೆ ನಡೆಸುತ್ತದೆ. ಬರೆಯುವ ಕ್ರಮ: ಟರ್ಟಲ್ಸ್-ಓನ್‌ನಲ್ಲಿ ಎರಡು ಚರ, ಹೊಸ್ತಿಲು ಮತ್ತು "ಇಳಿದಿದ್ದಾರೆಯೇ". ಸೆಟಪ್‌ನಲ್ಲಿ ಕ್ಲಿಯರ್-ಆಲ್, ನೂರು ಟರ್ಟಲ್, ಹೊಸ್ತಿಲಿಗೆ ಟರ್ಟಲ್‌ನ "ಹೂ" (who) ಸಂಖ್ಯೆಯನ್ನೇ ಕೊಡಿ (ಪ್ರತಿ ಟರ್ಟಲ್‌ಗೆ ತಾನಾಗೇ ಬರುವ ಕ್ರಮಸಂಖ್ಯೆ, ಅದು 0ಯಿಂದ 99), ಕೊನೆಗೆ ರೀಸೆಟ್-ಟಿಕ್ಸ್. ಗೋ ಒಳಗೆ ಮೊದಲು ಇಳಿದವರನ್ನು ಎಣಿಸಿ ಒಂದು ಲೋಕಲ್ ಚರದಲ್ಲಿ ಇಟ್ಟುಕೊಳ್ಳಿ. ಆಮೇಲೆ ಇಳಿಯದವರಲ್ಲಿ ಯಾರ ಹೊಸ್ತಿಲು ಆ ಎಣಿಕೆಗೆ ಸಮ ಅಥವಾ ಕಡಿಮೆಯೋ ಅವರನ್ನು ಇಳಿಸಿ. ಎಣಿಕೆ ಬದಲಾಗದಿದ್ದರೆ ಸ್ಟಾಪ್, ಇಲ್ಲವಾದರೆ ಟಿಕ್. ಸರಿಯಾಗಿ ಬರೆದಿದ್ದರೆ ನೂರನೇ ಟಿಕ್‌ಗೆ ನೂರೂ ಜನ. "ಸಮ ಅಥವಾ ಕಡಿಮೆ" ಬದಲು ಬರೀ "ಕಡಿಮೆ" ಹಾಕಿದರೆ ಹೊಸ್ತಿಲು 0 ಇದ್ದವರೂ ಕದಲುವುದಿಲ್ಲ, ಮಾಡೆಲ್ ಹುಟ್ಟುವಾಗಲೇ ಸತ್ತಿರುತ್ತದೆ.

ಮುಂದಿನದು ನಿಜವಾದ ಪಾಠ. ಹೊಸ್ತಿಲನ್ನು "ಹೂ" ಬದಲು ರ‍್ಯಾಂಡಮ್ 100 (0ಯಿಂದ 99ರೊಳಗಿನ ಯಾವುದೋ ಒಂದು ಸಂಖ್ಯೆ) ಮಾಡಿ, ಸಾವಿರ ಸಲ ಓಡಿಸಿ, ಕೊನೆಯ ಎಣಿಕೆಗಳ ಹಿಸ್ಟೋಗ್ರಾಮ್ ಹಾಕಿ.

ಅಂಕಿಅಂಶ
ಶೂನ್ಯಬೀಜ ಹೇಳಿದ ಅಭ್ಯಾಸಕ್ಕೆ ಒಂದು ಲಾಭವಿದೆ: ಉತ್ತರವನ್ನು ಕಾಗದದ ಮೇಲೂ ತೆಗೆಯಬಹುದು. ಯಾರಿಗೂ ಹೊಸ್ತಿಲು 0 ಬೀಳದಿರುವ ಸಂಭವನೀಯತೆ 0.99ರ ನೂರನೇ ಘಾತ, ಅಂದರೆ ಸುಮಾರು 0.366. ಸಾವಿರ ಓಟದಲ್ಲಿ ಸುಮಾರು 366 ಸಲ ಗಲಾಟೆ ಶುರುವೇ ಆಗಬಾರದು. ನೂರೂ ಜನ ಇಳಿಯುವ ಸಂಭವನೀಯತೆ 101ರ 99ನೇ ಘಾತವನ್ನು 100ರ 100ನೇ ಘಾತದಿಂದ ಭಾಗಿಸಿದಷ್ಟು, ಸುಮಾರು 0.027. ಸಾವಿರಕ್ಕೆ 27ರ ಆಸುಪಾಸು. ಕಾಂಬಿನೆಟೋರಿಕ್ಸ್ ಓದಿದವರಿಗೆ ಇದು ಪಾರ್ಕಿಂಗ್ ಫಂಕ್ಷನ್ ಲೆಕ್ಕ.

ಎರಡನ್ನೂ ಪರೀಕ್ಷಿಸಿ, ಒಂದರಲ್ಲೇ ಬಿಡಬೇಡಿ. ಪೈಥಾನ್‌ನ ರ‍್ಯಾಂಡ್‌ಇಂಟ್(0, 100) ಬಳಸಿದರೆ 100 ಕೂಡ ಸೇರಿಕೊಳ್ಳುತ್ತದೆ, ಒಟ್ಟು 101 ಬೆಲೆಗಳು. ಆಗ ಶುರುವೇ ಆಗದ ಓಟಗಳು 366 ಬದಲು 370. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ನೂರೂ ಜನ ಇಳಿಯುವ ಓಟಗಳು 27ರಿಂದ ಸುಮಾರು 10ಕ್ಕೆ ಬೀಳುತ್ತವೆ. ತಪ್ಪು ಸಿಕ್ಕಿಬೀಳುವುದು ಅಲ್ಲಿ. ನೆಟ್‌ಲೋಗೋದ ರ‍್ಯಾಂಡಮ್ 100 ಕೊಡುವುದು 0ಯಿಂದ 99, ಪೈಥಾನ್‌ನ ನಂಪೈ ಪ್ಯಾಕೇಜಿನ ಇಂಟಿಜರ್ಸ್(0, 100) ಕೂಡ ಹಾಗೆಯೇ.

ಇನ್ನೊಂದು ಮಾತು. ಈ ಸಾವಿರ ಓಟಗಳ ಸರಾಸರಿ ತೆಗೆದು ಪ್ರಬಂಧದಲ್ಲಿ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಮೂರನೇ ಒಂದಕ್ಕಿಂತ ಹೆಚ್ಚು ಓಟ ಸೊನ್ನೆಯಲ್ಲೇ ಕೂತಿರುತ್ತದೆ, ಬಾಲ ನೂರರವರೆಗೆ ಚಾಚಿರುತ್ತದೆ. ಹಂಚಿಕೆಯನ್ನೇ ತೋರಿಸಬೇಕು.

ಗುಬ್ಬಿಗೂಡು
ನೆಟ್‌ಲೋಗೋ ಕಲಿತು ಆಮೇಲೆ ಎಸೆಯುವ ಬದಲು ನೇರವಾಗಿ ಮೆಸಾದಲ್ಲೇ ಶುರು ಮಾಡಬಾರದೇಕೆ? ಡೇಟಾ ವಿಶ್ಲೇಷಣೆ, ನಕ್ಷೆ, ಗ್ರಾಫ್ ಎಲ್ಲ ಪೈಥಾನ್‌ನಲ್ಲೇ ಮುಗಿಯುತ್ತದೆ. 1999ರಿಂದ ಇರುವ ಸಾಧನಕ್ಕೆ ಇನ್ನೂ ಯಾಕೆ ಅಂಟಿಕೊಳ್ಳಬೇಕು?

ಶೂನ್ಯಬೀಜ
ಪೈಥಾನ್ ಮೊದಲೇ ಬರುವವರಿಗೆ ನಿಮ್ಮ ಮಾತು ಸರಿ. ವಠಾರ ಅವರಿಗೆ ಬರುವುದಿಲ್ಲ. ಕ್ಲಾಸ್, ಸೂಪರ್, ಪ್ಯಾಕೇಜ್ ಆವೃತ್ತಿ ಇವುಗಳಲ್ಲೇ ಎರಡು ತಿಂಗಳು ಹೋಗುತ್ತದೆ, ಮಾಡೆಲಿಂಗ್ ಶುರುವಾಗಿರುವುದಿಲ್ಲ. ನೆಟ್‌ಲೋಗೋದಲ್ಲಿ ಒಂದು ಟರ್ಟಲ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್ಸ್‌ಪೆಕ್ಟ್ ಕೊಟ್ಟರೆ ಅದರ ಚರಗಳೆಲ್ಲ ಟಿಕ್ ಟಿಕ್‌ಗೂ ಬದಲಾಗುವುದು ಕಾಣುತ್ತದೆ. ಕಲಿಯುವವರಿಗೆ ಅದಕ್ಕಿಂತ ಬೇಕಾದ್ದು ಇಲ್ಲ.

ಮೆಸಾಗೆ ಹೋಗುವವರು ಎರಡು ಕಡೆ ಎಚ್ಚರವಾಗಿರಿ. ಮೆಸಾ 3 ಬಂದ ಮೇಲೆ ಏಜೆಂಟ್‌ಗಳ ಸರದಿ ನಡೆಸುತ್ತಿದ್ದ ಹಳೆಯ ಷೆಡ್ಯೂಲರ್‌ಗಳನ್ನು ತೆಗೆದುಹಾಕಿದ್ದಾರೆ. ಜಾಲತಾಣಗಳಲ್ಲಿ ಸಿಗುವ ಎಷ್ಟೋ ಟ್ಯುಟೋರಿಯಲ್‌ಗಳು ರ‍್ಯಾಂಡಮ್‌ಆ್ಯಕ್ಟಿವೇಶನ್ ಬಳಸುತ್ತವೆ, ಈಗ ಓಡುವುದಿಲ್ಲ. ಅದರ ಜಾಗದಲ್ಲಿ ಮಾಡೆಲ್‌ನ ಏಜೆಂಟ್ಸ್ ಮೇಲೆ ಷಫಲ್_ಡೂ ಕರೆಯಬೇಕು. ಎರಡನೆಯದು ಸೀಡ್, ಅಂದರೆ ಅವೇ ಯದೃಚ್ಛ ಸಂಖ್ಯೆಗಳು ಮತ್ತೆ ಬರುವಂತೆ ಕೊಡುವ ಆರಂಭದ ಸಂಖ್ಯೆ. ಮಾಡೆಲ್‌ಗೆ ಸೀಡ್ ಕೊಟ್ಟಿದ್ದರೂ ಏಜೆಂಟ್ ಒಳಗೆ ಪೈಥಾನ್‌ನ ಸಾಮಾನ್ಯ ರ‍್ಯಾಂಡಮ್ ಮಾಡ್ಯೂಲ್ ಬಳಸಿದರೆ ಆ ಸೀಡ್ ಅದಕ್ಕೆ ತಾಗುವುದಿಲ್ಲ. ಸೆಲ್ಫ್.ರ‍್ಯಾಂಡಮ್ ಬಳಸಿ.

ವಠಾರ
ಹೊಸ್ತಿಲು ಮಾಡೆಲ್ ಬರೆದೆ. ಸಾವಿರಕ್ಕೆ 359 ಸೊನ್ನೆ, 24 ಪೂರ್ಣ. ಸರಿಯಿದೆ ಅಂದುಕೊಳ್ಳಲೇ? ಒಂದು ಅನುಮಾನ: ಎಣಿಕೆಯನ್ನು ಆಸ್ಕ್ (ಟರ್ಟಲ್‌ಗಳಿಗೆ ಒಂದೊಂದಾಗಿ ಆದೇಶ ಕೊಡುವ ಕಮಾಂಡ್) ಒಳಗೇ ಮಾಡಿದರೂ ಕೊನೆಯ ಫಲಿತಾಂಶ ಅದೇ ಬರುತ್ತಿದೆ, ಟಿಕ್ ಮಾತ್ರ ಕಡಿಮೆಯಾಗುತ್ತದೆ. ಹಾಗಾದರೆ ಯಾವ ಕ್ರಮದಲ್ಲಿ ಬರೆದರೂ ನಡೆಯುತ್ತದೆಯೇ?

ಶೂನ್ಯಬೀಜ
ಅಂಕಿಗಳು ಸರಿಯಿವೆ. ಈ ಮಾಡೆಲ್‌ನಲ್ಲಿ ಇಳಿದವರು ಮತ್ತೆ ಹಿಂದೆ ಸರಿಯುವುದಿಲ್ಲ, ಎಣಿಕೆ ಏರುವುದೊಂದೇ. ಆದ್ದರಿಂದ ಕ್ರಮ ಯಾವುದಾದರೂ ನಿಲ್ಲುವ ಜಾಗ ಒಂದೇ. ಬೇರೆ ಮಾಡೆಲ್‌ಗಳಲ್ಲಿ ಈ ಸೌಕರ್ಯ ಇರುವುದಿಲ್ಲ. 1992ರಲ್ಲಿ ನೊವಾಕ್ ಮತ್ತು ಮೇ ಚೌಕಳಿಯ ಮೇಲೆ ಕೈದಿಗಳ ಇಕ್ಕಟ್ಟಿನ ಆಟ ಆಡಿಸಿ ಸಹಕರಿಸುವವರೂ ವಂಚಿಸುವವರೂ ಒಟ್ಟಿಗೆ ಉಳಿಯುತ್ತಾರೆ ಎಂದು ತೋರಿಸಿದರು. ಅಲ್ಲಿ ಎಲ್ಲರೂ ಒಂದೇ ಕ್ಷಣದಲ್ಲಿ ತಂತ್ರ ಬದಲಿಸುತ್ತಿದ್ದರು. ಮರುವರ್ಷ ಹ್ಯೂಬರ್‌ಮನ್ ಮತ್ತು ಗ್ಲಾನ್ಸ್ ಅದೇ ಆಟವನ್ನು ಒಬ್ಬೊಬ್ಬರಾಗಿ ಬದಲಿಸುವಂತೆ ಮಾಡಿದಾಗ ಸಹಕಾರ ಅಳಿಸಿಹೋಗಿ ವಂಚಕರಷ್ಟೇ ಉಳಿದರು. ಪಾವತಿ ಅದೇ, ಚೌಕಳಿ ಅದೇ, ಬದಲಾಗಿದ್ದು ಸರದಿ.

ಈಗ ಸೆಗ್ರಿಗೇಶನ್ ಮಾಡೆಲ್‌ನ ಕೋಡ್ ಟ್ಯಾಬ್ ತೆರೆದು ಸರದಿಯನ್ನು ನೋಡಿ. ಗೋ ಮೊದಲು ಅತೃಪ್ತರನ್ನೆಲ್ಲ ಎಬ್ಬಿಸಿ ಓಡಿಸುತ್ತದೆ. ತೃಪ್ತಿಯನ್ನು ಮತ್ತೆ ಲೆಕ್ಕ ಹಾಕುವುದು ಎಲ್ಲರೂ ಓಡಿ ಮುಗಿದ ಮೇಲೆ. ಪಕ್ಕದ ಮನೆಯವರು ಆಗಲೇ ಜಾಗ ಬಿಟ್ಟು ತನಗೆ ಅನುಕೂಲವಾಗಿದ್ದರೂ ಈ ಟರ್ಟಲ್ ಹಳೆಯ ಅತೃಪ್ತಿ ಹಿಡಿದುಕೊಂಡೇ ಹೊರಡುತ್ತದೆ. ಹೋಗಿ ಸೇರುವ ಜಾಗ ಹಿತವೋ ಅಲ್ಲವೋ ಅದನ್ನೂ ನೋಡುವುದಿಲ್ಲ. ಯಾವುದೋ ದಿಕ್ಕಿಗೆ ತಿರುಗಿ, ಹತ್ತು ಹೆಜ್ಜೆಯೊಳಗೆ ಎಷ್ಟೋ ಮುಂದೆ ಹೋಗಿ, ಖಾಲಿ ಸಿಗುವವರೆಗೆ ಹಾಗೇ ಅಲೆಯುತ್ತದೆ. ಷೆಲಿಂಗ್ 1971ರಲ್ಲಿ ಬರೆದ ನಿಯಮದಲ್ಲಿ ಅತೃಪ್ತ ಹೋಗುವುದು ತನಗೆ ಹಿಡಿಸುವ, ಅತಿ ಹತ್ತಿರದ ಖಾಲಿ ಜಾಗಕ್ಕೆ. ಎರಡನ್ನೂ ಬರೆದು ಪಕ್ಕಪಕ್ಕದಲ್ಲಿ ಓಡಿಸಿ, ನಿಲ್ಲಲು ಹಿಡಿಯುವ ಟಿಕ್ ಎಷ್ಟು, ಗುಂಪುಗಳ ಗಾತ್ರ ಎಷ್ಟು ಎಂದು ಹೋಲಿಸಿ. ಲೈಬ್ರರಿ ಮಾಡೆಲ್‌ನಿಂದ ಮುಂದೆ ಹೋಗುವುದು ಅಂದರೆ ಹೀಗೆ.

ಅಂಕಿಅಂಶ
ಬೇಡಿಕೆ, ಅಂದರೆ ನೆರೆಯಲ್ಲಿ ತನ್ನಂಥವರು ಶೇ. ಎಷ್ಟು ಬೇಕು ಎಂಬುದನ್ನು ಇಡುವ ಸ್ಲೈಡರ್ ಬಗ್ಗೆಯೂ ಸ್ವಲ್ಪ. ಎಂಟೂ ನೆರೆಮನೆ ತುಂಬಿರುವ ಟರ್ಟಲ್‌ಗೆ ಶೇ. 26 ಅಂದರೂ ಮೂವರು ಬೇಕು, ಶೇ. 37 ಅಂದರೂ ಮೂವರೇ. ಶೇ. 38ಕ್ಕೆ ಏಕಾಏಕಿ ನಾಲ್ವರು. ಹಾಗಾಗಿ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಖಾಲಿ ಜಾಗ ಹೆಚ್ಚಿದಂತೆ ಏಳು, ಆರು ನೆರೆಯವರಿರುವ ಟರ್ಟಲ್‌ಗಳು ಸೇರಿ ಮೆಟ್ಟಿಲು ಮಸುಕಾಗುತ್ತದೆ. "ಶೇ. 38ರಲ್ಲಿ ಸಮಾಜ ದಿಢೀರನೆ ಒಡೆಯುತ್ತದೆ" ಎಂದು ತೀರ್ಮಾನ ಬರೆಯುವ ಮುನ್ನ ಅದು ಎಂಟರ ಭಾಗಾಕಾರವಷ್ಟೇ ಅಲ್ಲವೇ ಎಂದು ನೋಡಿಕೊಳ್ಳಿ.

ನೋಡ್ರಪ್ಪ
ಬಿಹೇವಿಯರ್‌ಸ್ಪೇಸ್ ಬಗ್ಗೆ ಯಾರೂ ಹೇಳವಲ್ರಿ, ನಾನು ಹೇಳ್ತೀನಿ. ಬ್ಯಾರೆ ಬ್ಯಾರೆ ಬೆಲೆ ಇಟ್ಟು ಮಾಡೆಲ್ ತಾನಾಗೇ ಓಡಸ್ತೈತಿ, ನೆಟ್‌ಲೋಗೋದ ಟೂಲ್ಸ್ ಮೆನುದಾಗ ಐತಿ. ಸ್ಲೈಡರ್ ಕೈಲೆ ಎಳದು ಎಳದು ನೋಟಬುಕ್‌ನ್ಯಾಗ ಬರಕೊಳ್ಳೋದು ಸಂಶೋಧನಾ ಅಲ್ರಿ.

ಎಲ್ಲಾರೂ ಎಡವೋ ಜಾಗಾ ಇಲ್ಲೈತಿ. ಡೆನ್ಸಿಟಿ ಅಂದ್ರ ಶೇ. ಎಷ್ಟು ಮನಿ ತುಂಬ್ಯಾವು ಅಂತ. ["ಡೆನ್ಸಿಟಿ" [80 5 95]] ಅಂತ ಬರದ್ರ 80ರಿಂದ 95ರ ತನಕ ಐದೈದು ಏರಸ್ಕೋತ ನಾಕು ಬೆಲೆ. ಒಳಗಿನ ಕಂಸಾ ಮರತು ["ಡೆನ್ಸಿಟಿ" 80 5 95] ಅಂತ ಬರದ್ರ 80, 5, 95 ಅಂತ ಮೂರ ಬೆಲೆ. ಡೆನ್ಸಿಟಿ 5 ಅಂದ್ರ ಊರೆಲ್ಲಾ ಖಾಲಿ. ಆಜೂಬಾಜೂ ಯಾರೂ ಇಲ್ಲದಾಂವ ಈ ಮಾಡೆಲ್‌ನ್ಯಾಗ ತೃಪ್ತ ಅಂತನ ಲೆಕ್ಕ, ಹಿಂಗಾಗಿ ಓಟ ಲಗೂನ ನಿಲ್ತೈತಿ. ಎರರ್ ಏನೂ ಬರಂಗಿಲ್ಲ, ಅದ ತ್ರಾಸು. ಸಾಲು ಎಣಿಸ್ರಿ: ಬೇಡಿಕೆ [10 5 75] ಅಂದ್ರ 14 ಬೆಲೆ, ಡೆನ್ಸಿಟಿ 4, ಪ್ರತಿಯೊಂದಕ್ಕ 30 ಸಲ, ಒಟ್ಟ 1,680 ಸಾಲು ಬರಬೇಕು. 270 ಬಂದಿದ್ರ ಎರಡೂ ಕಡೆ ಕಂಸಾ ತಪ್ಪೈತಿ.

ಪ್ರತಿ ಹೆಜ್ಜಿಗೂ ಅಳಿಯೋ ಆಯ್ಕೆದ ಗುರುತು ತಗದಬಿಡ್ರಿ, ಕೊನೀ ಬೆಲೆ ಸಾಕಿದ್ರ. ಟೈಮ್ ಲಿಮಿಟ್ 0 ಅಂದ್ರ ಮಿತಿ ಇಲ್ಲ ಅಂತ ಅರ್ಥ. ಬೇಡಿಕೆ ಶೇ. 75 ದಾಟಿತಂದ್ರ ಮಂದಿ ನೆಲಿ ನಿಲ್ಲಂಗಿಲ್ಲ, ಓಟ ಮುಗಿಯೂದ ಇಲ್ಲ. 500 ಟಿಕ್ ಹಾಕ್ರಿ. ಆದ್ರ ಮಿತಿಗೆ ಬಡದು ನಿಂತ ಓಟಾನೂ ತಾನಾಗೇ ನಿಂತ ಓಟಾನೂ ಒಂದ ಪಂಕ್ತಿಗೆ ಕುಂದ್ರಸಬ್ಯಾಡ್ರಿ. ಟಿಕ್ಸ್ ಮತ್ತ ಪರ್ಸೆಂಟ್-ಅನ್‌ಹ್ಯಾಪಿ (ಅತೃಪ್ತರು ಶೇ. ಎಷ್ಟು) ಎರಡೂ ರಿಪೋರ್ಟರ್ ಪಟ್ಟಿಗೆ, ಅಂದ್ರ ಬರಕೊಳ್ಳೋ ಬೆಲೆಗಳ ಪಟ್ಟಿಗೆ ಸೇರಸ್ರಿ, ಆಮ್ಯಾಲೆ ಬ್ಯಾರೆ ಮಾಡಬಹುದು.

ಔಟ್‌ಪುಟ್ ಟೇಬಲ್ ತಗೋರಿ. ಸ್ಪ್ರೆಡ್‌ಶೀಟ್ ಆದ್ರ ಎಲ್ಲಾ ಮೆಮೊರಿನ್ಯಾಗ ಇಟ್ಕೊಂಡು ಕಡೀಕೆ ಬರೀತೈತಿ, ನಡಬರಕ ಕರೆಂಟ್ ಹೋದ್ರ ಎಲ್ಲಾ ಹೋತು. ಟೇಬಲ್ ಆಗಾಗ ಬರಕೋತ ಹೊಕ್ಕೈತಿ. ಒಮ್ಮೆಲೆ ನಾಕೈದು ಓಟ ಹಚ್ಚಿದ್ರ ಸಾಲು ಹಿಂದಮುಂದ ಆಗ್ತಾವು, ರನ್ ನಂಬರ್ ಹಿಡದು ಸಾರ್ಟ್ ಮಾಡ್ರಿ.

ವಠಾರ
ನೋಡ್ರಪ್ಪ ಸರ್, 1,680 ಸಾಲು ಬಂತು. ಆದರೆ ಪ್ರತಿ 30ರ ಕಟ್ಟಿನಲ್ಲೂ ಎಲ್ಲ ಬೆಲೆ ಒಂದೇ, ಸ್ಟ್ಯಾಂಡರ್ಡ್ ಡೀವಿಯೇಶನ್ ಸೊನ್ನೆ.

ನೋಡ್ರಪ್ಪ
ಸೆಟಪ್ ಒಳಗ ರ‍್ಯಾಂಡಮ್-ಸೀಡ್ 42 ಅಂತ ಏನರ ಬರದೀರೇನ್ರಿ? ಅದನ್ನ ತಗೀರಿ. ಬಿಹೇವಿಯರ್‌ಸ್ಪೇಸ್‌ನ ಸೆಟಪ್ ಕಮಾಂಡ್ಸ್ ಡಬ್ಬಿನ್ಯಾಗ ರ‍್ಯಾಂಡಮ್-ಸೀಡ್ ಬಿಹೇವಿಯರ್‌ಸ್ಪೇಸ್-ರನ್-ನಂಬರ್ ಅಂತ ಬರದು, ಅದರ ಕೆಳಗ ಸೆಟಪ್ ಬರೀರಿ. ಓಟಕ್ಕೊಂದು ಬ್ಯಾರೆ ಸೀಡ್ ಆತು, 873ನೇ ಓಟ ವಿಚಿತ್ರ ಕಂಡ್ರ ಅದೇ ಬೆಲೆಗಳನ್ನ ಇಟ್ಟು, ಸೀಡ್ 873 ಕೊಟ್ಟು ತೆರಿಮ್ಯಾಲೆ ಮತ್ತ ಓಡಿಸಿ ನೋಡಬಹುದು.

ಗುಬ್ಬಿಗೂಡು
30 ಸಲ ಅನ್ನುವುದು ಎಲ್ಲಿಂದ ಬಂತು? ಎಲ್ಲ ಪ್ರಬಂಧಗಳಲ್ಲೂ 30 ಕಾಣುತ್ತದೆ, ಕಾರಣ ಮಾತ್ರ ಯಾರೂ ಬರೆದಿರುವುದಿಲ್ಲ.

ಅಂಕಿಅಂಶ
ಅದು ರೂಢಿ ಅಷ್ಟೇ. ನಾಲ್ಕೈದು ಮುಖ್ಯ ಸೆಟ್ಟಿಂಗ್‌ಗಳಲ್ಲಿ 500 ಸಲ ಓಡಿಸಿ, ಓಟ ಹೆಚ್ಚಿದಂತೆ ಸರಾಸರಿ ಮತ್ತು ಚದುರುವಿಕೆ ಎಲ್ಲಿ ಕದಲುವುದನ್ನು ಬಿಡುತ್ತವೆ ಎಂದು ಗ್ರಾಫ್ ಹಾಕಿ. ಆ ಸಂಖ್ಯೆ ಬಳಸಿ. ಇನ್ನೊಂದು ಅಪಾಯ ಎದುರು ದಿಕ್ಕಿನದು: ಓಟಗಳ ಸಂಖ್ಯೆ ನಿಮ್ಮ ಕೈಯಲ್ಲೇ ಇರುವುದರಿಂದ ಹತ್ತು ಸಾವಿರ ಸಲ ಓಡಿಸಿದರೆ ಎಂಥ ಕ್ಷುಲ್ಲಕ ವ್ಯತ್ಯಾಸಕ್ಕೂ ಪಿ-ಬೆಲೆ 0.05ಕ್ಕಿಂತ ಕೆಳಗೆ ಬಂದು, ಅದು ಆಕಸ್ಮಿಕವಲ್ಲ ಎನ್ನಿಸುತ್ತದೆ. ಸಿಮ್ಯುಲೇಷನ್‌ನಲ್ಲಿ ಪಿ-ಬೆಲೆ ತೋರಿಸುವುದಕ್ಕೆ ಅರ್ಥವಿಲ್ಲ, ವ್ಯತ್ಯಾಸದ ಗಾತ್ರ ತೋರಿಸಿ.

ವಠಾರ ಅವರ ಜನಗಣತಿ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದಕ್ಕೂ ಬರುತ್ತೇನೆ. ಮೊದಲ ತೊಡಕು ಅಳತೆಗೋಲಿನದು. ಲೈಬ್ರರಿ ಮಾಡೆಲ್‌ನಲ್ಲಿ ಎರಡು ಬಣ್ಣ ಅರ್ಧರ್ಧ, ಹಾಗಾಗಿ ಯಾರೂ ಕದಲುವ ಮೊದಲೇ "ಸಮಾನರು" ಶೇ. 50. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು ಶೇ. 17ರಷ್ಟು. 17–83 ಎಂದು ಬಣ್ಣ ಹಂಚಿ ಯದ್ವಾತದ್ವಾ ಕೂರಿಸಿದರೂ 0.17ರ ವರ್ಗ ಮತ್ತು 0.83ರ ವರ್ಗ ಕೂಡಿದರೆ 0.72. ಏನೂ ನಡೆಯದೆ ಶೇ. 72! ಅದನ್ನು 50ರ ಜತೆ ಹೋಲಿಸಿ ಪ್ರತ್ಯೇಕತೆ ಎಂದರೆ ಪರೀಕ್ಷಕರು ಅಲ್ಲೇ ನಿಲ್ಲಿಸುತ್ತಾರೆ. ಊರನ್ನು ಬ್ಲಾಕ್‌ಗಳಾಗಿ ಒಡೆದು ಎರಡು ಗುಂಪುಗಳು ಎಷ್ಟು ಅಸಮವಾಗಿ ಹಂಚಿವೆ ಎಂದು ಅಳೆಯುವ ಡಿಸ್ಸಿಮಿಲಾರಿಟಿ ಸೂಚ್ಯಂಕ ಬಳಸಿ, ಅದರ ಜತೆಗೆ ಜಾಗಗಳನ್ನು ಹಾಗೇ ಇಟ್ಟು ಬಣ್ಣಗಳನ್ನಷ್ಟೇ ಕಲಸಿ ನೂರು ಸಲ ಅದೇ ಸೂಚ್ಯಂಕ ತೆಗೆಯಿರಿ. ಅದು ನಿಮ್ಮ ತಳಮಟ್ಟ. ಬ್ಲಾಕ್ ಚಿಕ್ಕದಾದಷ್ಟೂ ಬರೀ ಆಕಸ್ಮಿಕದಿಂದಲೇ ಸೂಚ್ಯಂಕ ಮೇಲೆ ಹೋಗುತ್ತದೆ, ಆದ್ದರಿಂದ ಈ ತಳಮಟ್ಟ ಇಲ್ಲದೆ ಅಂಕಿ ಓದಬಾರದು.

ಎರಡನೆಯ ತೊಡಕು ವಾರ್ಡಿನ ಗಾತ್ರ. 2011ರಲ್ಲಿ ಬಿಬಿಎಂಪಿಯ 198 ವಾರ್ಡ್‌ಗಳಲ್ಲಿ ಸುಮಾರು 84 ಲಕ್ಷ ಜನ, ವಾರ್ಡಿಗೆ ಸರಾಸರಿ 42 ಸಾವಿರಕ್ಕೂ ಹೆಚ್ಚು. ಷೆಲಿಂಗ್ ನಿಯಮ ಕೆಲಸ ಮಾಡುವುದು ಎಂಟು ಮನೆಗಳ ನಡುವೆ. ಒಂದೇ ವಾರ್ಡಿನೊಳಗೆ ಅಗ್ರಹಾರದಂಥ ಬೀದಿಯೂ ಇರುತ್ತದೆ, ಕೊಳೆಗೇರಿಯೂ ಇರುತ್ತದೆ, ವಾರ್ಡ್ ಅಂಕಿಯಲ್ಲಿ ಎರಡೂ ಕಲಸಿಹೋಗಿರುತ್ತವೆ. ಇದನ್ನು ಮಾಡೆಲ್‌ನಲ್ಲೇ ಕಣ್ಣಾರೆ ನೋಡಬಹುದು. ಲೈಬ್ರರಿ ಮಾಡೆಲ್‌ನ 51×51ರ ಬದಲು 60×60 ಚೌಕಳಿ ಮಾಡಿಕೊಳ್ಳಿ, 51ನ್ನು ಸಮವಾಗಿ ಒಡೆಯಲು 3 ಮತ್ತು 17 ಬಿಟ್ಟರೆ ದಾರಿಯಿಲ್ಲ. ಕೊನೆಯ ಚಿತ್ರವನ್ನು ಮುಟ್ಟದೆ 5×5, 10×10, 20×20, 30×30 ಬ್ಲಾಕ್‌ಗಳಲ್ಲಿ ಸೂಚ್ಯಂಕ ತೆಗೆಯಿರಿ. ಊರು ಅದೇ, ಸೂಚ್ಯಂಕ ಇಳಿಯುತ್ತಾ ಹೋಗುತ್ತದೆ. ವಾರ್ಡ್ ಅಂಕಿಗೆ ಮಾಡೆಲ್ "ಹೊಂದಿತು" ಎಂದರೆ ಎಷ್ಟು ಕಡಿಮೆ ಹೇಳಿದಂತಾಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ವಠಾರ
ಇದರ ಜತೆಗೆ ಇನ್ನೊಂದು ಕಾಡುತ್ತಿದೆ. ಷೆಲಿಂಗ್ ಮಾಡೆಲ್‌ನಲ್ಲಿ ಜನ ತಾವೇ ಮನಸ್ಸು ಮಾಡಿ ಮನೆ ಬದಲಿಸುತ್ತಾರೆ. ಇಲ್ಲಿ ಮಾಲೀಕರು "ನೀವು ಯಾವ ಪೈಕಿ" ಎಂದು ಕೇಳಿ ಬಾಗಿಲಲ್ಲೇ ಕಳಿಸುತ್ತಾರೆ. ಬಾಡಿಗೆದಾರರ ಇಷ್ಟಕ್ಕೆ ಅಲ್ಲಿ ಬೆಲೆಯೇ ಇಲ್ಲ.

ಶೂನ್ಯಬೀಜ
ನಿಮ್ಮ ಪ್ರಬಂಧ ಇರುವುದೇ ಅಲ್ಲಿ. ಹೊಸ್ತಿಲನ್ನು ಟರ್ಟಲ್‌ನಿಂದ ತೆಗೆದು ಪ್ಯಾಚ್‌ಗೆ, ಅಂದರೆ ಮನೆಗೆ ಕೊಡಿ. ಬಾಡಿಗೆದಾರರ ಬೇಡಿಕೆಯನ್ನು ಸೊನ್ನೆ ಮಾಡಿ. ಆಗ ಯಾರೂ ಅತೃಪ್ತರಿರುವುದಿಲ್ಲ, ಯಾರೂ ಕದಲುವುದಿಲ್ಲ, ಆದ್ದರಿಂದ ಕದಲಲು ಬೇರೆ ಕಾರಣ ಬೇಕು. ನಮ್ಮಲ್ಲಿ ಬಾಡಿಗೆ ಕರಾರು 11 ತಿಂಗಳಿಗೆ. ಒಂದು ಟಿಕ್ ಅಂದರೆ ಒಂದು ತಿಂಗಳು ಎಂದಿಟ್ಟುಕೊಂಡು, ಪ್ರತಿ ಟಿಕ್‌ನಲ್ಲಿ ಪ್ರತಿ ಮನೆಯವರೂ ಹನ್ನೊಂದರಲ್ಲಿ ಒಂದು ಸಂಭವನೀಯತೆಯಂತೆ ಹೊಸ ಮನೆ ಹುಡುಕಲಿ. ತಿಂಗಳಿಗೆ ಐದು ಖಾಲಿ ಮನೆ ನೋಡಲಿ, ಯದೃಚ್ಛೆಯಾಗಿ. ಪ್ರತಿ ಬಾಗಿಲಲ್ಲೂ ಮಾಲೀಕರು ಒಪ್ಪಬಹುದು, ಬಿಡಬಹುದು. ತಿರಸ್ಕಾರಗಳನ್ನು ಎಣಿಸುವ ಚರ ಒಂದಿರಲಿ.

ಮೊದಲ ಓಟದಲ್ಲಿ ಎಲ್ಲ ಮಾಲೀಕರೂ ಎಲ್ಲ ಬಡಾವಣೆಯಲ್ಲೂ ಒಂದು ಗುಂಪನ್ನು ಒಂದೇ ಸಂಭವನೀಯತೆಯಿಂದ, ಉದಾಹರಣೆಗೆ 0.8, ತಿರಸ್ಕರಿಸಲಿ. ಪ್ರತ್ಯೇಕತೆ ಬರುವುದಿಲ್ಲ! ತಿರಸ್ಕಾರ ಊರಿನ ತುಂಬ ಒಂದೇ ಸಮ ಇರುವುದರಿಂದ ಸಿಗುವ ಮನೆ ಎಲ್ಲಿ ಬೇಕಾದರೂ ಇರಬಹುದು. ಏರುವುದು ಅಲೆದಾಟ ಮಾತ್ರ. ಡಿಸ್ಸಿಮಿಲಾರಿಟಿ ಕಲಸಿದ ತಳಮಟ್ಟದಲ್ಲೇ ಇರಬೇಕು, ಇಲ್ಲವಾದರೆ ಕೋಡ್‌ನಲ್ಲಿ ದೋಷವಿದೆ. ಸಾಮಾನ್ಯವಾಗಿ ಸಿಗುವ ದೋಷ, ಹತ್ತಿರದ ಖಾಲಿ ಮನೆಯನ್ನೇ ಮೊದಲು ನೋಡುವಂತೆ ಬರೆದಿರುವುದು. ದೂರದ ನಿಯಮ ಗೊತ್ತಿಲ್ಲದೆ ನುಸುಳಿರುತ್ತದೆ. ಎರಡನೇ ಓಟದಲ್ಲಿ ತಿರಸ್ಕಾರ ನೆರೆಯವರನ್ನು ಅವಲಂಬಿಸಲಿ: ಎಂಟು ಮನೆಗಳಲ್ಲಿ ಆ ಗುಂಪಿನವರು ಕಡಿಮೆ ಇದ್ದಷ್ಟೂ "ಇಲ್ಲ" ಹೆಚ್ಚು. ಪ್ರತ್ಯೇಕತೆ ಬಂದರೆ ಇಲ್ಲಿ ಬರಬೇಕು. ಎರಡರ ನಡುವಿನ ವ್ಯತ್ಯಾಸವೇ ನೀವು ಕ್ಷೇತ್ರಕಾರ್ಯದಲ್ಲಿ ಕೇಳಬೇಕಾದ ಪ್ರಶ್ನೆ: ಮಾಲೀಕರು ಜಾತಿ ನೋಡಿಯೇ ಬಿಡುತ್ತಾರೋ, ಅಕ್ಕಪಕ್ಕದವರು ಏನೆನ್ನುತ್ತಾರೋ ಎಂದು ಬಿಡುತ್ತಾರೋ?

ಐದೂ ಕಡೆ ಬೇಡ ಅನ್ನಿಸಿಕೊಂಡವರು ಏನು ಮಾಡುತ್ತಾರೆ ಎಂಬುದನ್ನೂ ಕೋಡ್ ಮುಟ್ಟುವ ಮುನ್ನ ತೀರ್ಮಾನಿಸಿ. ಹಳೆಯ ಮನೆಯಲ್ಲೇ ಇನ್ನೊಂದು ತಿಂಗಳೇ? ಚೌಕಳಿಯ ಹೊರಗೆ ಕಾಯುವ ಪಟ್ಟಿಗೇ? ನೀವು ಬರೆಯದಿದ್ದರೆ ನೆಟ್‌ಲೋಗೋ ಅವರನ್ನು ಇದ್ದಲ್ಲೇ ಬಿಡುತ್ತದೆ, ಅದೂ ಒಂದು ಸಾಮಾಜಿಕ ಊಹೆಯೇ.

ಗುಬ್ಬಿಗೂಡು
ಮಾಲೀಕರ ಜಾಗದಲ್ಲಿ ಒಂದು ಎಲ್‌ಎಲ್‌ಎಂ (ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾಡೆಲ್) ಕೂರಿಸಿ ಮಾತಾಡಿಸಿದರೆ?

ಅಂಕಿಅಂಶ
ಲೈಬ್ರರಿ ಮಾಡೆಲ್ ಗಾತ್ರದಲ್ಲೇ, ಶೇ. 95 ತುಂಬಿದಾಗ ಸುಮಾರು 2,470 ಏಜೆಂಟ್. ಎಲ್ಲರೂ ಪ್ರತಿ ಟಿಕ್‌ಗೆ ಒಮ್ಮೆ ಕೇಳಿದರೆ 500 ಟಿಕ್‌ಗೆ 12.35 ಲಕ್ಷ ಕರೆ, 30 ಓಟಕ್ಕೆ 3.7 ಕೋಟಿ. ದುಡ್ಡು ಇದ್ದರೂ, ಮಾಲೀಕರು ಯಾಕೆ "ಇಲ್ಲ" ಅಂದರು ಎಂಬುದಕ್ಕೆ ನಿಮ್ಮ ಬಳಿ ನಿಯಮ ಇರುವುದಿಲ್ಲ. ವಠಾರ ಅವರಿಗೆ ಬೇಕಿರುವುದು ಆ ನಿಯಮವೇ.

ವಠಾರ
ಇದನ್ನೆಲ್ಲ ಪ್ರಬಂಧದಲ್ಲಿ ಹೇಗೆ ಬರೆಯುವುದು? ಗೈಡ್ ಕೋಡ್ ಓದುವುದಿಲ್ಲ.

ಶೂನ್ಯಬೀಜ
ಏಜೆಂಟ್ ಮಾಡೆಲ್‌ಗಳನ್ನು ಮಾತಿನಲ್ಲಿ ವಿವರಿಸುವ ಚೌಕಟ್ಟಾದ ಓಡಿಡಿ (ODD) ಪ್ರೋಟೋಕಾಲ್ ಅನುಸರಿಸಿ. ಗ್ರಿಮ್ ಮತ್ತಿತರರು 2006ರಲ್ಲಿ ರೂಪಿಸಿದ್ದು, 2010 ಮತ್ತು 2020ರಲ್ಲಿ ಪರಿಷ್ಕರಣೆ ಆಗಿದೆ. ಏಳು ಅಂಶಗಳಿವೆ: ಉದ್ದೇಶ, ಯಾವ ಯಾವ ಘಟಕ ಮತ್ತು ಚರ, ಯಾವ ಕ್ರಮದಲ್ಲಿ ಏನು ನಡೆಯುತ್ತದೆ, ವಿನ್ಯಾಸದ ಪರಿಕಲ್ಪನೆಗಳು, ಆರಂಭದ ಸ್ಥಿತಿ, ಹೊರಗಿನ ದತ್ತಾಂಶ, ಉಪಮಾಡೆಲ್‌ಗಳು. ಬಹಳ ಜನ ಮೂರನೆಯದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಮೇಲೆ ಸರದಿಯ ಬಗ್ಗೆ ಹೇಳಿದ್ದೆಲ್ಲ ಅಲ್ಲಿಗೇ ಬರಬೇಕು: ಯಾರು ಮೊದಲು, ತೃಪ್ತಿ ಯಾವಾಗ ಲೆಕ್ಕ, ಸರದಿ ಪ್ರತಿ ಟಿಕ್‌ಗೂ ಕಲಸುತ್ತದೆಯೇ. ನೆಟ್‌ಲೋಗೋದ ಆಸ್ಕ್ ಪ್ರತಿ ಸಲ ಯದೃಚ್ಛ ಕ್ರಮದಲ್ಲಿ ಕರೆಯುತ್ತದೆ ಎಂಬುದನ್ನೂ ಬರೆಯಿರಿ. ಆಮೇಲೆ ನೆಟ್‌ಲೋಗೋ ಮುಟ್ಟದ ಸ್ನೇಹಿತರೊಬ್ಬರಿಗೆ ಆ ಬರಹ ಕೊಟ್ಟು, ಕಾಗದದ 4×4 ಚೌಕಳಿಯಲ್ಲಿ ಹತ್ತು ನಾಣ್ಯ ಇಟ್ಟು ಒಂದು ಟಿಕ್ ನಡೆಸಲು ಹೇಳಿ. ಅವರು ಎಲ್ಲಿ "ಈಗ ಏನು ಮಾಡಲಿ" ಎಂದು ಕೇಳುತ್ತಾರೋ ಅಲ್ಲಿ ವಿವರ ಬಿಟ್ಟುಹೋಗಿದೆ.

ನೋಡ್ರಪ್ಪ
ಮತ್ತ ಕೋಡ್ ಫೈಲಿನ ಜೋಡಿ ನೆಟ್‌ಲೋಗೋ ಆವೃತ್ತಿ ನಂಬರ್, ಬಿಹೇವಿಯರ್‌ಸ್ಪೇಸ್ ಸೆಟ್ಟಿಂಗ್, ಕಚ್ಚಾ ಸಿಎಸ್‌ವಿ ಮೂರೂ ಇಡ್ರಿ. ಬಿಹೇವಿಯರ್‌ಸ್ಪೇಸ್ ಸೆಟ್ಟಿಂಗ್ ಮಾಡೆಲ್ ಫೈಲಿನ್ಯಾಗ ಸೇವ್ ಆಗ್ತೈತಿ, ಆದ್ರ ಓಟ ಹಚ್ಚಿದ ಮ್ಯಾಲೆ ಮಾಡೆಲ್ ಸೇವ್ ಮಾಡದ ಮುಚ್ಚಿದ್ರ ಹೋಗ್ತೈತಿ. ಮಾಡೆಲ್ ಕೋಡ್ ಹಂಚಿಕೊಳ್ಳೋ ಕೋಮ್ಸೆಸ್ (CoMSES) ಜಾಲತಾಣದಾಗ ಓಡಿಡಿ ಸಮೇತ ಏರಸ್ರಿ. ಸಾಮಾಜಿಕ ಸಿಮ್ಯುಲೇಷನ್‌ನ ಜಾಸ್ (JASSS) ಪತ್ರಿಕೆಗೆ ಕಳಸೋವಾಗ ಕೋಡ್ ಎಲ್ಲೈತಿ ಅಂತ ವಿಮರ್ಶಕರು ಕೇಳೇ ಕೇಳ್ತಾರ.